ಟೆಲಿಟೆಕ್ಸ್ಟ್ ಪುಟಗಳ ಬಿಡುವಿನ ವೇಳೆಯ ಪ್ರಸಾರ

ದೂರದರ್ಶನ ವಾಹಿನಿಗಳಲ್ಲಿ ನಿಯಮಿತ ಕಾರ್ಯಕ್ರಮಗಳಿಲ್ಲದ ಅವಧಿಯಲ್ಲಿ ಟೆಲಿಟೆಕ್ಸ್ಟ್‌ನ ಅಕ್ಷರ ಪುಟಗಳನ್ನು ಸಾಮಾನ್ಯ ಚಿತ್ರದಂತೆ ಪರದೆಯ ಮೇಲೆ ತೋರಿಸುವ ಪದ್ಧತಿಯನ್ನು ಟೆಲಿಟೆಕ್ಸ್ಟ್ ಪುಟಗಳ ಬಿಡುವಿನ ವೇಳೆಯ ಪ್ರಸಾರ ಎನ್ನಬಹುದು. ಇದು 1980ರ ದಶಕದಲ್ಲಿ ಬ್ರಿಟನ್ ಹಾಗೂ ಯುರೋಪಿನ ಇತರ ದೇಶಗಳಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ದೂರದರ್ಶನ ಸಂಸ್ಥೆಯು 1985ರಲ್ಲಿ 'ಇನ್‌ಟೆಕ್ಸ್ಟ್' ಎಂಬ ಟೆಲಿಟೆಕ್ಸ್ಟ್ ಸೇವೆಯನ್ನು ಆರಂಭಿಸಿತು.

ಕಾರ್ಯವಿಧಾನ

ಅನಲಾಗ್ ದೂರದರ್ಶನದಲ್ಲಿ ಚಿತ್ರವು ಅಡ್ಡಗೆರೆಗಳಿಂದ ರೂಪುಗೊಳ್ಳುತ್ತದೆ. ಭಾರತ ಮತ್ತು ಯುರೋಪಿನ ಪಾಲ್ ಪದ್ಧತಿಯಲ್ಲಿ ಈ ಗೆರೆಗಳ ಸಂಖ್ಯೆ 625. ಇವುಗಳಲ್ಲಿ ಕೆಲವು ಗೆರೆಗಳು ಪರದೆಯ ಮೇಲೆ ಕಾಣುವುದಿಲ್ಲ. ಹೀಗೆ ಖಾಲಿ ಉಳಿಯುವ ಗೆರೆಗಳಲ್ಲಿ ಸಂಕೇತ ರೂಪದ ಅಕ್ಷರಗಳನ್ನು ಕಳುಹಿಸುವುದೇ ಟೆಲಿಟೆಕ್ಸ್ಟ್‌ನ ತತ್ವ.

ಬ್ರಿಟಿಷ್ ಪದ್ಧತಿಯಲ್ಲಿ ಒಂದು ಪುಟವು ತಲಾ 40 ಅಕ್ಷರಗಳ 24 ಸಾಲುಗಳನ್ನು ಹೊಂದಿರುತ್ತದೆ. ಒಂದು ಖಾಲಿ ಗೆರೆಯು ಒಂದು ಸಾಲನ್ನು ಹೊತ್ತೊಯ್ಯುತ್ತದೆ. ಚಿತ್ರದ ಪ್ರತಿ ಅರ್ಧಭಾಗಕ್ಕೆ ಎರಡು ಗೆರೆಗಳನ್ನು ಬಳಸಿದರೆ ಸೆಕೆಂಡಿಗೆ 100 ಸಾಲು, ಅಂದರೆ ಸುಮಾರು 4 ಪುಟಗಳು ಪ್ರಸಾರವಾಗುತ್ತವೆ. ಪುಟಗಳು ಒಂದರ ನಂತರ ಒಂದರಂತೆ ಸುತ್ತುತ್ತಲೇ ಇರುವುದರಿಂದ, 100 ಪುಟಗಳ ಸೇವೆಯಲ್ಲಿ ಬೇಕಾದ ಪುಟಕ್ಕಾಗಿ ವೀಕ್ಷಕರು ಹೆಚ್ಚೆಂದರೆ 25 ಸೆಕೆಂಡುಗಳಷ್ಟು ಕಾಯಬೇಕಾಗುತ್ತಿತ್ತು. ಈ ಪುಟಗಳನ್ನು ಓದಲು ಟಿ.ವಿ.ಯಲ್ಲಿ ಡಿಕೋಡರ್ ಇರುವುದು ಅಗತ್ಯವಾಗಿತ್ತು.

ಬಿಡುವಿನ ವೇಳೆಯ ಪುಟಗಳು

ಬಿಬಿಸಿಯು 1974ರ ಸೆಪ್ಟೆಂಬರ್ 23ರಂದು 'ಸೀಫ್ಯಾಕ್ಸ್' ಸೇವೆಯನ್ನು ಆರಂಭಿಸಿತು. ಡಿಕೋಡರ್ ಉಳ್ಳ ಟಿ.ವಿ.ಗಳು ದುಬಾರಿಯಾಗಿದ್ದುದರಿಂದ ಅದರ ಓದುಗರು ಮೊದಲಿಗೆ ವಿರಳವಾಗಿದ್ದರು. 1980ರ ದಶಕದ ಆರಂಭದಲ್ಲಿ ಬಿಬಿಸಿಯು ಆಯ್ದ ಪುಟಗಳನ್ನು ಸಂಗೀತದೊಡನೆ ಸಾಮಾನ್ಯ ಚಿತ್ರವಾಗಿ ತೋರಿಸತೊಡಗಿತು. ಇದು 'ಪೇಜಸ್ ಫ್ರಮ್ ಸೀಫ್ಯಾಕ್ಸ್' ಎಂದು ಹೆಸರಾಯಿತು. ಡಿಕೋಡರ್ ಇಲ್ಲದ ಮನೆಗಳಲ್ಲಿಯೂ ಸುದ್ದಿ, ಹವಾಮಾನ ಮತ್ತು ಕ್ರೀಡಾ ಫಲಿತಾಂಶಗಳನ್ನು ಓದುವುದು ಇದರಿಂದ ಸಾಧ್ಯವಾಯಿತು. ಆದರೆ ಇಲ್ಲಿ ಪುಟದ ಆಯ್ಕೆ ವೀಕ್ಷಕರದಾಗಿರಲಿಲ್ಲ. ವಾಹಿನಿಯು ನಿಗದಿಪಡಿಸಿದ ಕ್ರಮದಲ್ಲಿ, ನಿಗದಿತ ವೇಗದಲ್ಲಿ ಪುಟಗಳು ಬದಲಾಗುತ್ತಿದ್ದವು.

ಜರ್ಮನಿಯ ಸಾರ್ವಜನಿಕ ವಾಹಿನಿಗಳು 'ವಿಡಿಯೊಟೆಕ್ಸ್ಟ್ ಫ್ಯೂರ್ ಆಲೆ' ಎಂಬ ಹೆಸರಿನಲ್ಲಿ ಇಂಥದೇ ಪ್ರಸಾರವನ್ನು ನಡೆಸಿದವು. 'ಎಲ್ಲರಿಗಾಗಿ ವಿಡಿಯೊಟೆಕ್ಸ್ಟ್' ಎಂಬುದು ಇದರ ಅರ್ಥ.

ಭಾರತದಲ್ಲಿ

ದೂರದರ್ಶನವು 1985ರ ನವೆಂಬರ್ 14ರಂದು ದೆಹಲಿಯಲ್ಲಿ ಇನ್‌ಟೆಕ್ಸ್ಟ್ ಸೇವೆಗೆ ಚಾಲನೆ ನೀಡಿತು. ಆ ಕಾಲದಲ್ಲಿ ದೂರದರ್ಶನದ ಪ್ರಸಾರವು ಬಹುಮಟ್ಟಿಗೆ ಸಂಜೆ ಮತ್ತು ರಾತ್ರಿಗೆ ಸೀಮಿತವಾಗಿತ್ತು. ಬೆಳಗಿನ ಪ್ರಸಾರವು 1987ರಲ್ಲಿಯೂ ಮಧ್ಯಾಹ್ನದ ಪ್ರಸಾರವು 1989ರಲ್ಲಿಯೂ ಸೇರಿದವು. ಕಾರ್ಯಕ್ರಮ ಆರಂಭವಾಗುವ ಮೊದಲು ಪರದೆಯ ಮೇಲೆ ಬಣ್ಣದ ಪಟ್ಟಿಗಳೂ ಅವುಗಳೊಂದಿಗೆ ಒಂದೇ ಸಮನಾದ ಶಬ್ದವೂ ಬರುತ್ತಿದ್ದವು. ಇವು ಟಿ.ವಿ. ಮತ್ತು ಆಂಟೆನಾವನ್ನು ಸರಿಹೊಂದಿಸಲು ಅನುಕೂಲವಾಗಿದ್ದವು.

ಕರ್ನಾಟಕದಲ್ಲಿ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು 1975–76ರ 'ಸೈಟ್' ಉಪಗ್ರಹ ಪ್ರಯೋಗದ ಮೂಲಕ ದೂರದರ್ಶನವನ್ನು ಕಂಡವು. ಬೆಂಗಳೂರು ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾಯಿತು. ಶಿವಮೊಗ್ಗದಂತಹ ಊರುಗಳಿಗೆ ಮರುಪ್ರಸಾರ ಕೇಂದ್ರಗಳ ಮೂಲಕ ಕಾರ್ಯಕ್ರಮಗಳು ತಲುಪಿದವು. ಶಿವಮೊಗ್ಗ ಮತ್ತು ಭದ್ರಾವತಿಯ ಪರಿಸರದಲ್ಲಿ ಅದಕ್ಕೂ ಮೊದಲಿನಿಂದ ಆಕಾಶವಾಣಿಯ ಭದ್ರಾವತಿ ಕೇಂದ್ರವು ಸುದ್ದಿ ಮತ್ತು ಕೃಷಿ ಮಾಹಿತಿಯನ್ನು ಕನ್ನಡದಲ್ಲಿ ನೀಡುತ್ತಿತ್ತು.

ಕನ್ನಡ ಲಿಪಿಯ ಸಮಸ್ಯೆ

ಟೆಲಿಟೆಕ್ಸ್ಟ್‌ನ ಮೂಲ ವಿನ್ಯಾಸವು ಲ್ಯಾಟಿನ್ ಲಿಪಿಗೆ ತಕ್ಕುದಾಗಿತ್ತು. ಪ್ರತಿ ಅಕ್ಷರಕ್ಕೂ ಸಮಾನ ಗಾತ್ರದ ಒಂದು ಮನೆಯಿದ್ದು, ಅಕ್ಷರಗಳ ಸಂಖ್ಯೆಯೂ ನೂರರೊಳಗೆ ಸೀಮಿತವಾಗಿತ್ತು. ಕನ್ನಡದಲ್ಲಿ ಗುಣಿತಾಕ್ಷರದ ಅಗಲ ಬದಲಾಗುತ್ತದೆ. ಒತ್ತಕ್ಷರವು ಮೂಲಾಕ್ಷರದ ಕೆಳಗೆ ಅಥವಾ ಬಲಕ್ಕೆ ಜಾಗ ಬೇಡುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಸೇರಿವೆ. ಇಂತಹ ಲಿಪಿಯನ್ನು ಆ ಚೌಕಟ್ಟಿನಲ್ಲಿ ಮೂಡಿಸಲು ಬೇರೆಯೇ ಸಂಕೇತ ವ್ಯವಸ್ಥೆ ಮತ್ತು ಬೇರೆಯೇ ಡಿಕೋಡರ್ ಬೇಕಾಗುತ್ತದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ 'ಇಸ್ಕಿ' ಸಂಕೇತವು ರಾಷ್ಟ್ರೀಯ ಮಾನಕವಾದುದು 1991ರಲ್ಲಿ. ಪುಟವನ್ನು ಸಾಮಾನ್ಯ ಚಿತ್ರವಾಗಿ ಪ್ರಸಾರ ಮಾಡಿದಲ್ಲಿ ಈ ತೊಡಕು ಇರುವುದಿಲ್ಲ. ಅಕ್ಷರಗಳು ಪ್ರಸಾರ ಕೇಂದ್ರದಲ್ಲಿಯೇ ಮೂಡುವುದರಿಂದ ಯಾವ ಲಿಪಿಯನ್ನಾದರೂ ಸಾಧಾರಣ ಟಿ.ವಿ.ಯಲ್ಲಿ ಓದಬಹುದು.

ಶ್ರವಣದೋಷವುಳ್ಳವರಿಗೆ ಉಪಯೋಗ

ಬ್ರಿಟನ್ನಿನಲ್ಲಿ ಟೆಲಿಟೆಕ್ಸ್ಟ್‌ನ 888ನೆಯ ಪುಟವು ಕಾರ್ಯಕ್ರಮಗಳ ಉಪಶೀರ್ಷಿಕೆಗಳಿಗೆ ಮೀಸಲಾಗಿತ್ತು. ವೀಕ್ಷಕರು ತಮಗೆ ಬೇಕಾದಾಗ ಮಾತ್ರ ಅದನ್ನು ತೆರೆಯಬಹುದಿತ್ತು. ಕಿವಿ ಕೇಳಿಸದವರಿಗೆ ರೇಡಿಯೊ ಮತ್ತು ಧ್ವನಿಪ್ರಧಾನ ವಾರ್ತೆಗಳು ನಿಲುಕದ ಕಾರಣ, ದಿನದ ಸುದ್ದಿಯನ್ನು ತಕ್ಷಣ ಓದಲು ಟೆಲಿಟೆಕ್ಸ್ಟ್ ಮುಖ್ಯ ಸಾಧನವಾಯಿತು.

ಅವನತಿ ಮತ್ತು ಸಂರಕ್ಷಣೆ

ದಿನದ 24 ಗಂಟೆಯ ಪ್ರಸಾರ, ಅಂತರಜಾಲ ಮತ್ತು ಡಿಜಿಟಲ್ ದೂರದರ್ಶನಗಳಿಂದ ಈ ಪುಟಗಳ ಅಗತ್ಯ ಕುಗ್ಗಿತು. ಸೀಫ್ಯಾಕ್ಸ್ 2012ರ ಅಕ್ಟೋಬರ್‌ನಲ್ಲಿ ಅನಲಾಗ್ ಪ್ರಸಾರದೊಂದಿಗೆ ಕೊನೆಗೊಂಡಿತು. ಭಾರತದಲ್ಲಿ ಪ್ರಸಾರ ಭಾರತಿಯು ಆಯಕಟ್ಟಿನ ಸ್ಥಳಗಳ ಕೆಲವನ್ನು ಹೊರತುಪಡಿಸಿ ಅನಲಾಗ್ ಭೂಪ್ರಸಾರಕಗಳನ್ನು 2022ರ ವೇಳೆಗೆ ಹಂತಹಂತವಾಗಿ ಮುಚ್ಚಲು ಕ್ರಮ ಕೈಗೊಂಡಿತು.

ಹೊಸ ಪುಟವು ಹಳೆಯ ಪುಟವನ್ನು ಅಳಿಸಿಹಾಕುತ್ತಿದ್ದುದರಿಂದ ಟೆಲಿಟೆಕ್ಸ್ಟ್‌ನ ಬಹುಪಾಲು ಬರಹವು ಉಳಿದಿಲ್ಲ. ಆದರೂ ಮನೆಗಳಲ್ಲಿ ಧ್ವನಿಮುದ್ರಿಸಿಕೊಂಡ ವಿಡಿಯೊ ಕ್ಯಾಸೆಟ್‌ಗಳಲ್ಲಿ ಚಿತ್ರದೊಂದಿಗೆ ಆ ಅದೃಶ್ಯ ಗೆರೆಗಳೂ ಅಸ್ಪಷ್ಟವಾಗಿ ದಾಖಲಾಗಿರುತ್ತವೆ. ಒಂದೇ ಪುಟವು ಮತ್ತೆ ಮತ್ತೆ ಪ್ರಸಾರವಾಗಿರುವುದರಿಂದ, ಅದರ ಹಲವು ಪ್ರತಿಗಳನ್ನು ಕಂಪ್ಯೂಟರ್‌ನಲ್ಲಿ ಹೋಲಿಸಿ ಮೂಲ ಪಠ್ಯವನ್ನು ಮರಳಿ ಪಡೆಯಲಾಗುತ್ತಿದೆ. ಬಿಡುವಿನ ವೇಳೆಯ ಪುಟಗಳು ಚಿತ್ರವಾಗಿಯೇ ಮುದ್ರಿತವಾದುದರಿಂದ ಅವನ್ನು ನೇರವಾಗಿ ಓದಬಹುದು.