ಒಂಟಿ ಕಂಬದ ಹೆಬ್ಬಾಗಿಲು, ಎರಡು ಕರ್ಪೂರದ ಮರ
ಸನ್ನೊ ದೇಗುಲ, ನಾಗಸಾಕಿ, ಜಪಾನ್

ಶಿಂತೊ ದೇಗುಲದ ಅಂಗಳ ಇಲ್ಲಿಂದ ಶುರು ಎಂದು ಸಾರುವ ಹೆಬ್ಬಾಗಿಲು, ‘ತೋರಿ’. ಸಾಮಾನ್ಯವಾಗಿ ಎರಡು ಕಂಬ, ಮೇಲೆ ಅಡ್ಡತೊಲೆ. ಕಲ್ಲಿನ ಈ ತೋರಿಯನ್ನು 1924ರಲ್ಲಿ ನಿಲ್ಲಿಸಲಾಯಿತು.

1945ರ ಆಗಸ್ಟ್ 9, ಬೆಳಿಗ್ಗೆ 11 ಗಂಟೆ 2 ನಿಮಿಷ. ಸುಮಾರು 800 ಮೀಟರ್ ಆಚೆ ಅಣುಬಾಂಬ್ ಸಿಡಿಯಿತು. ದೇಗುಲ ನೆಲಸಮವಾಯಿತು. ತೋರಿಯ ಒಂದು ಕಂಬ ಉರುಳಿತು. ಇನ್ನೊಂದು ಅರ್ಧ ತೊಲೆ ಹೊತ್ತು ಇಂದಿಗೂ ನಿಂತಿದೆ. ತಲೆಯೆತ್ತಿ ನೋಡಿ: ಸ್ಫೋಟದ ರಭಸಕ್ಕೆ ತೊಲೆ ತಿರುಚಿಕೊಂಡಿದೆ. ಬಿದ್ದ ತುಂಡುಗಳನ್ನು ಹತ್ತಿರದಲ್ಲೇ ಉಳಿಸಿಕೊಂಡಿದ್ದಾರೆ.

ಸ್ವಲ್ಪ ಮುಂದೆ ಐದು ಶತಮಾನಕ್ಕೂ ಹಳೆಯ ಎರಡು ಕರ್ಪೂರದ ಮರಗಳಿವೆ. ಕೊಂಬೆ ಮುರಿದು, ಕಾಂಡ ಸುಟ್ಟು ಬೋಳಾಗಿದ್ದ ಅವು ಸತ್ತೇಹೋದವು ಎಂದೇ ಎಲ್ಲರೂ ತಿಳಿದಿದ್ದರು. ಕೆಲವೇ ತಿಂಗಳಲ್ಲಿ ಚಿಗುರಿದವು. ಮನೆಮಂದಿಯನ್ನು ಕಳೆದುಕೊಂಡು ಬೂದಿಯ ನಡುವೆ ಬದುಕು ಹುಡುಕುತ್ತಿದ್ದವರಿಗೆ ಆ ಹಸಿರು ಕೊಟ್ಟ ಧೈರ್ಯ ಸಣ್ಣದಲ್ಲ. ಸ್ಫೋಟ ತೂರಿದ ಕಲ್ಲುಗಳು ಒಂದು ಮರದ ಪೊಟರೆಯೊಳಗೆ ಎಷ್ಟೋ ದಶಕಗಳ ಬಳಿಕ ಸಿಕ್ಕವು.

1969ರಲ್ಲಿ ನಾಗಸಾಕಿ ನಗರ ಈ ಮರಗಳನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಕಾಂಡದ ಸುಟ್ಟ ಗಾಯವನ್ನು ನಿಧಾನವಾಗಿ ನೋಡಿ. ದಯವಿಟ್ಟು ಬೇರುಗಳ ಮೇಲೆ ಕಾಲಿಡಬೇಡಿ. ಮರಗಳು ಇನ್ನೂ ಬೆಳೆಯುತ್ತಿವೆ.