ಟಿಸಿ ಸುಟ್ಟರೆ ನಷ್ಟ ಯಾರ ಲೆಕ್ಕಕ್ಕೆ? ತೆಂಗಿನ ಸೀಮೆಯ ಕರೆಂಟ್ ಕಥೆ

ಇವತ್ತಿನ ಎಪಿಸೋಡನ್ನ ನಮ್ಮ ತೋಟದಿಂದಲೇ ಶುರು ಮಾಡ್ತೀನಿ.

ನಾನು ಹೈಸ್ಕೂಲಲ್ಲಿದ್ದೆ. ಮಾರ್ಚ್ ತಿಂಗಳು, ತುರುವೇಕೆರೆ ಕಡೆಯ ನಮ್ಮೂರು. ಒಂದು ಸಂಜೆ ಢಂ ಅಂತ ಸದ್ದಾಯ್ತು, ತೋಟದ ಟಿಸಿ ಸುಟ್ಟುಹೋಯ್ತು. ಸಿಟಿಯವರಿಗೆ ಹೇಳ್ತೀನಿ, ಟಿಸಿ ಅಂದ್ರೆ ಟ್ರಾನ್ಸ್‌ಫಾರ್ಮರ್. ಅದು ಸುಟ್ಟರೆ ಅದರ ಕೆಳಗಿರೋ ಎಲ್ಲಾ ಮೋಟಾರ್ ಬಂದ್. ಅಪ್ಪ ಮತ್ತೆ ಅಕ್ಕಪಕ್ಕದ ತೋಟದವರು ಆಫೀಸಿಗೆ ಅಲೆದರು. ಕೊನೆಗೆ ಎಲ್ಲರೂ ದುಡ್ಡು ಹಾಕಿ, ಟ್ರ್ಯಾಕ್ಟರ್ ಮಾಡಿಕೊಂಡು, ಸುಟ್ಟ ಟಿಸಿನ ತಾವೇ ಸಾಗಿಸಿದರು. ಹೊಸದು ಬರೋ ಹೊತ್ತಿಗೆ ಹದಿನೇಳು ದಿನ ಆಗಿತ್ತು.

ನಾನು ಖುಷಿಯಾಗಿ, 'ತಾತ, ಕರೆಂಟ್ ಬಂತು, ಮರ ಒಂದೂ ಒಣಗಿಲ್ವಲ್ಲ' ಅಂದೆ. ತಾತ ಮರದ ಬುಡದಲ್ಲಿ ಉದುರಿದ್ದ ಹರಳು ಆರಿಸ್ತಾ, 'ಇದರ ಲೆಕ್ಕ ಈಗ ಗೊತ್ತಾಗಲ್ಲ ಮಗ, ಇನ್ನೆರಡು ವರ್ಷ ಬಿಟ್ಟು ನೋಡು' ಅಂದರು. ನನಗೆ ಅರ್ಥ ಆಗಲಿಲ್ಲ. ಆಮೇಲೆ ಬಿಕಾಂ ಓದಿದೆ, ಲೆಕ್ಕ ಬರೆಯೋದು ಕಲಿತೆ. ಆಗ ಅರ್ಥ ಆಯ್ತು. ಆ ಮಾತಿಗೆ ಕೊನೆಯಲ್ಲಿ ಬರ್ತೀನಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ: ಹಳ್ಳಿಗೆ ಸರಿಯಾಗಿ ಕರೆಂಟ್ ಕೊಡೋದು ಸರ್ಕಾರದ ಕರ್ತವ್ಯವೋ, ಉಪಕಾರವೋ?

ಕಥೆ 1902ಕ್ಕೆ ಹೋಗುತ್ತೆ. ಆ ವರ್ಷ ಜೂನ್‌ನಲ್ಲಿ ಶಿವನಸಮುದ್ರದ ಕಾವೇರಿ ನೀರಿಂದ ಹುಟ್ಟಿದ ವಿದ್ಯುತ್ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ ಅದು. ಕೆಲಸ ಮುಗಿಯೋದನ್ನ ನೋಡೋಕೆ ಅವರೇ ಇರಲಿಲ್ಲ, 1901ರಲ್ಲಿ ತೀರಿಕೊಂಡಿದ್ದರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಕ್ರಮ ಗಮನಿಸಿ: ಮೊದಲು ಚಿನ್ನ, ಆಮೇಲೆ ನಗರ, ಹಳ್ಳಿ ಕೊನೆಗೆ. ಕರೆಂಟ್ ಆಗ ದುಡ್ಡು ಕೊಟ್ಟವರಿಗೆ ಮಾರೋ ಸರಕು. ಗಣಿ ಕಂಪನಿಗಳು ಒಪ್ಪಂದ ಮಾಡ್ಕೊಂಡು ಕೊಂಡುಕೊಳ್ತಿದ್ದವು. ಹಾಗಂತ ಮೈಸೂರು ಸಂಸ್ಥಾನವನ್ನ ಬೈಯೋಕಾಗಲ್ಲ, ಕಂಬಿ ಎಳೆಯೋಕೆ ಬಂಡವಾಳ ಬೇಕಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಯೋಚನೆ ಬದಲಾಯ್ತು. 1948ರ ವಿದ್ಯುತ್ ಸರಬರಾಜು ಕಾಯ್ದೆ, ರಾಜ್ಯಗಳು ವಿದ್ಯುತ್ ಮಂಡಳಿ ಮಾಡಬೇಕು ಅಂತು. ನಮ್ಮಲ್ಲಿ 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. ರಾಜ್ಯದ ಹೆಸರು ಕರ್ನಾಟಕ ಆದಾಗ ಅದು ಕೆಇಬಿ ಆಯ್ತು. ನಮ್ಮಜ್ಜಿ ಇವತ್ತಿಗೂ ಲೈನ್‌ಮ್ಯಾನ್‌ನ 'ಕೆಇಬಿಯೋರು' ಅಂತಲೇ ಕರೆಯೋದು. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಮಾಡಿತು. ಹಳ್ಳಿಗೆ ಕಂಬ ಬಂತು, ಬಾವಿಗೆ ಮೋಟಾರ್ ಬಂತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗು ಮೋಟಾರನ್ನ ನಂಬಿ ಹುಟ್ಟಿದ್ದಲ್ಲ. ಮಳೆ, ಕೆರೆ, ಕಟ್ಟೆಯ ತೇವದಲ್ಲಿ ಬೆಳೆದಿದ್ದು. ಬಾವಿ ಇದ್ದವರು ಎತ್ತು ಕಟ್ಟಿ ಕಪಿಲೆ ಹೊಡೀತಿದ್ರು. ಮೋಟಾರ್ ಬಂದ ಮೇಲೆ ಕಪಿಲೆ ಅಟ್ಟ ಸೇರ್ತು, ಬಾವಿ ಬತ್ತಿ ಬೋರ್‌ವೆಲ್ ಬಂತು, ಬೋರ್ ಆಳಕ್ಕಿಳೀತು. ಈಗ ಕರೆಂಟ್ ಇಲ್ಲ ಅಂದ್ರೆ ನೀರಿಲ್ಲ.

ಇದರ ನಡುವೆ 1990ರ ದಶಕದ ಆರಂಭದಲ್ಲಿ ಬಂಗಾರಪ್ಪ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಕೊಟ್ಟಿತು. ನಂತರದ ಸರ್ಕಾರಗಳು ದರ ಹಾಕಿದವು, 2008ರಲ್ಲಿ ಯಡಿಯೂರಪ್ಪ ಸರ್ಕಾರ ಮತ್ತೆ ಉಚಿತ ಮಾಡಿತು. ರೈತರಿಗೆ ಇದು ದೊಡ್ಡ ಆಸರೆ. ಆದರೆ ಇದರ ಜೊತೆಗೇ ಒಂದು ಮಾತು ಹುಟ್ಕೊಳ್ತು: 'ಫ್ರೀ ಕರೆಂಟ್ ತಾನೇ? ಬಂದಾಗ ಬರುತ್ತೆ ಬಿಡಿ.'

ಈ ಮಾತು ತಪ್ಪು ಅಂತ ನಾನು ಹೇಳ್ತಿಲ್ಲ, ಕಾನೂನೇ ಹೇಳುತ್ತೆ.

1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ದರ ಮತ್ತು ನಿಯಮ ನೋಡ್ಕೊಳ್ಳೋಕೆ ಕೆಇಆರ್‌ಸಿ ಅನ್ನೋ ಆಯೋಗ ಬಂತು. 2002ರಲ್ಲಿ ಹಂಚಿಕೆಗೆ ಬೇರೆ ಕಂಪನಿಗಳಾದವು, ನಮ್ಮ ತುಮಕೂರು ಜಿಲ್ಲೆ ಬೆಸ್ಕಾಂಗೆ ಸೇರ್ತು. 2003ರ ವಿದ್ಯುತ್ ಕಾಯ್ದೆ ಮೂರು ವಿಷಯ ಹೇಳಿತು. ಒಂದು, 6ನೇ ಸೆಕ್ಷನ್: ಹಳ್ಳಿ, ಕೊಪ್ಪಲು ಎಲ್ಲಕ್ಕೂ ವಿದ್ಯುತ್ ಮುಟ್ಟಿಸೋಕೆ ಕೇಂದ್ರ, ರಾಜ್ಯ ಎರಡೂ ಸೇರಿ ಪ್ರಯತ್ನಿಸಬೇಕು. ಎರಡು, 57ನೇ ಸೆಕ್ಷನ್: ಸೇವೆಯ ಗುಣಮಟ್ಟಕ್ಕೆ ಗಡುವು ಇರಬೇಕು, ತಪ್ಪಿದರೆ ಗ್ರಾಹಕರಿಗೆ ಪರಿಹಾರ. ಮೂರು, 65ನೇ ಸೆಕ್ಷನ್: ಸರ್ಕಾರ ಯಾರಿಗಾದ್ರೂ ಸಬ್ಸಿಡಿ ಕೊಡೋದಾದ್ರೆ ಆ ಹಣವನ್ನ ಮುಂಗಡವಾಗಿ ಕಟ್ಟಬೇಕು.

ಈ ಮೂರನೇದನ್ನ ಲೆಕ್ಕದ ಭಾಷೆಯಲ್ಲಿ ನೋಡಿ. ರೈತರ ಕರೆಂಟ್ ಪುಕ್ಕಟೆ ಅಲ್ಲ. ಅದರ ಬಿಲ್ಲನ್ನ ಸರ್ಕಾರ ನಮ್ಮೆಲ್ಲರ ತೆರಿಗೆಯಿಂದ ಕಟ್ಟಬೇಕು. ಬಿಲ್ ಯಾರೇ ಕಟ್ಟಲಿ, ಗ್ರಾಹಕ ಗ್ರಾಹಕನೇ. ಮಗಳ ಫೀಸು ಅಪ್ಪ ಕಟ್ಟಿದ ಅಂತ ಕಾಲೇಜಿನವರು ಅವಳಿಗೆ ಪಾಠ ಮಾಡದೇ ಇರೋಕಾಗುತ್ತಾ?

ಇನ್ನು ಗಡುವಿನ ವಿಷಯ. ಕೆಇಆರ್‌ಸಿಯ 2004ರ ನಿಯಮದಲ್ಲಿ ಟಿಸಿ ಸುಟ್ಟರೆ ನಗರದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ. ಮೂರು ಪಟ್ಟು! ದೂರ ಇದೆ, ರಸ್ತೆ ಸರಿಯಿಲ್ಲ ಅಂತಲೇ ಇಟ್ಕೊಳ್ಳೋಣ. ಆದ್ರೂ 72 ಗಂಟೆ ಅಂದ್ರೆ ಮೂರು ದಿನ. ನಮಗಾಗಿದ್ದು ಹದಿನೇಳು. ಹೀಗೊಂದು ಗಡುವು ಇದೆ ಅಂತ ಟ್ರ್ಯಾಕ್ಟರ್‌ಗೆ ದುಡ್ಡು ಹಾಕಿದ ನಮ್ಮವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸಿದ್ದೀವಿ. ಅಕ್ರಮ ಪಂಪ್‌ಸೆಟ್‌ನಿಂದ ಟಿಸಿ ಮೇಲೆ ಭಾರ ಹೆಚ್ಚಾಗಿದೆ. ತ್ರೀ ಫೇಸ್ ಬಂದ ತಕ್ಷಣ ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೆ ಎಳೆದರೆ ಟಿಸಿ ಸುಡದೇ ಇನ್ನೇನಾಗುತ್ತೆ? ಆದರೆ ಇದರ ಬೇರೂ ಅಲ್ಲೇ ಇದೆ. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಗೊತ್ತಿಲ್ಲ ಅಂದಾಗ ಎಲ್ಲರೂ ಆಟೋ ಹಾಕೇ ಮಲಗೋದು. ಮೀಟರ್ ಇಲ್ಲದ ಕಡೆ ಬಳಕೆ ಅನ್ನೋದೇ ಅಂದಾಜು. ಅಂದಾಜಿನ ಲೆಕ್ಕದಲ್ಲಿ ಕಂಪನಿಯ ನಷ್ಟವೂ ಅಡಗುತ್ತೆ, ರೈತನ ಕಷ್ಟವೂ ಅಡಗುತ್ತೆ.

ಸುಧಾರಣೆ ಆಗೇ ಇಲ್ಲ ಅಂತಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದರು. ನಾನು ಪಿಯುಸಿಯಲ್ಲಿ ರಾತ್ರಿ ಓದೋಕಾಗಿದ್ದು ಅದರಿಂದ. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನೋದು ಸರ್ಕಾರದ ಮಾತು. 2023ರ ಬರದಲ್ಲಿ ಅದನ್ನ 5 ಗಂಟೆಗೆ ಇಳಿಸಿ, ಒತ್ತಡ ಬಂದ ಮೇಲೆ ಮತ್ತೆ ಏರಿಸಿದರು. ನೀರು ಹೆಚ್ಚು ಬೇಕಾಗೋದೇ ಬರದಲ್ಲಿ, ಕರೆಂಟ್ ಕಡಿಮೆಯಾಗೋದೂ ಬರದಲ್ಲೇ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಹಗಲಿನ ಬಿಸಿಲಿಂದ ಅಷ್ಟು ವಿದ್ಯುತ್ ತೆಗೆಯೋ ಜಿಲ್ಲೆಯಲ್ಲಿ ರೈತ ರಾತ್ರಿ ಬ್ಯಾಟರಿ ಹಿಡ್ಕೊಂಡು, ಹಾವು, ಚಿರತೆಗೆ ಹೆದರಿಕೊಂಡು ಮೋಟಾರ್ ಹಾಕೋಕೆ ಹೋಗೋದು ನ್ಯಾಯ ಅಲ್ಲ. ಪಂಪ್‌ಸೆಟ್ ಫೀಡರ್‌ಗಳಿಗೆ ಸೋಲಾರ್ ಜೋಡಿಸೋ ಕುಸುಮ್ ಯೋಜನೆ ಇರೋದೇ ಹಗಲು ಕರೆಂಟ್ ಕೊಡೋಕೆ. ಅದು ಪ್ರತಿ ಹೋಬಳಿಗೂ ಬರಬೇಕು.

ಈಗ ತಾತನ ಮಾತು. ತೆಂಗಿನ ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಸುಮಾರು ಒಂದು ವರ್ಷ. ಆ ಕಾಯಿ ಅಟ್ಟದ ಮೇಲೆ ಕೂತು ಉಂಡೆ ಕೊಬ್ಬರಿ ಆಗೋಕೆ ಹೆಚ್ಚುಕಡಿಮೆ ಇನ್ನೊಂದು ವರ್ಷ. ಅಂದ್ರೆ ಆ ಮಾರ್ಚ್‌ನಲ್ಲಿ ಉದುರಿದ ಹರಳಿನ ನಷ್ಟ ಕಾಣಿಸಿದ್ದು ಎರಡು ವರ್ಷದ ನಂತರ, ತಿಪಟೂರು ಮಾರುಕಟ್ಟೆಯ ತಕ್ಕಡಿಯಲ್ಲಿ. ಆ ಹೊತ್ತಿಗೆ ಆಫೀಸಿನ ಪುಸ್ತಕದಲ್ಲಿ 'ಟಿಸಿ ಬದಲಾಯಿಸಲಾಗಿದೆ' ಅಂತ ಬರೆದು ಎಷ್ಟೋ ದಿನ ಆಗಿತ್ತು. ಹೊಣೆ ಹೊರಬೇಕಾದವರ ಪುಸ್ತಕದಲ್ಲಿ ಈ ನಷ್ಟ ಯಾವತ್ತೂ ಬರಲೇ ಇಲ್ಲ. ಬಂದಿದ್ದು ತಾತನ ಪುಸ್ತಕದಲ್ಲಿ ಮಾತ್ರ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಊರಲ್ಲಿ ಅಪ್ಪ ಅಮ್ಮ ಇರೋರು ಇವತ್ತೇ ಫೋನ್ ಮಾಡಿ. ಟಿಸಿ ಸುಟ್ಟರೆ, ಟ್ರ್ಯಾಕ್ಟರ್ ಹುಡುಕೋ ಮುಂಚೆ 1912ಕ್ಕೆ ದೂರು ಕೊಟ್ಟು, ದೂರಿನ ನಂಬರ್, ದಿನ, ಟೈಮ್ ಬರೆದಿಟ್ಕೊಳ್ಳೋಕೆ ಹೇಳಿ. ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತೆ.

ಮುಂದಿನ ವಾರ ಸಿಗೋಣ. ನಮಸ್ಕಾರ.