ಗೋಗಿಯ ಎರೆಭೂಮಿಯೂ ಸೂಕ್ಷ್ಮಗೊಬ್ಬರವೂ

ಕೃಷ್ಣಾ ಭೀಮಾ ನದಿಗಳ ನಡುವಣ ಶಹಾಪುರ ತಾಲೂಕಿನ ಗೋಗಿಯು ಇತಿಹಾಸಪ್ರಿಯರಿಗೆ ಸುಪರಿಚಿತವಾದ ಗ್ರಾಮವು. ಚಂದಾ ಹುಸೇನಿಯವರ ದರ್ಗಾದ ಸನ್ನಿಧಿಯಲ್ಲಿ ವಿಜಾಪುರದ ಆದಿಲಶಾಹಿ ಅರಸರಾದ ಯೂಸುಫ, ಇಸ್ಮಾಯಿಲ, ಒಂದನೆಯ ಇಬ್ರಾಹಿಮ ಇವರ ಸಮಾಧಿಗಳಿರುವುವು. ಇವರಲ್ಲಿ ಕೊನೆಯವನು 1558ರಲ್ಲಿ ತೀರಿಕೊಂಡನು. ಅರಸೊತ್ತಿಗೆಗಳು ಅಳಿದರೂ ಅವುಗಳ ಬೊಕ್ಕಸವನ್ನು ತುಂಬಿದ ಎರೆಭೂಮಿಯು ಅಳಿಯಲಿಲ್ಲ. ಆ ಮಣ್ಣಿಗೂ ಒಂದು ಇತಿಹಾಸವುಂಟು.

ಬೇಸಗೆಯಲ್ಲಿ ಆಳವಾಗಿ ಬಿರಿದು ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುವುದು ಎರೆಯ ಸ್ವಭಾವ. ಇದಕ್ಕೆ ಕಾರಣವಾದ ಜೇಡಿಗೆ, ಫ್ರಾನ್ಸ ದೇಶದ ಊರೊಂದರ ಮೇಲಿಂದ 1847ರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಹೆಸರಾಯಿತು. ಅದರ ಒಂದೊಂದು ಪದರದ ದಪ್ಪವು ಸುಮಾರು ಒಂದು ನ್ಯಾನೋಮೀಟರು, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಪದರಗಳ ನಡುವೆ ನೀರೂ ಸಸ್ಯಾಹಾರವೂ ಸಂಗ್ರಹವಾಗುವುವು. ಮಣ್ಣು ಅಮೋನಿಯವನ್ನು ಹಿಡಿದಿಡುವುದನ್ನು ಇಂಗ್ಲೆಂಡಿನ ಥಾಮಸ್ ವೇ ಎಂಬವನು 1850ರಲ್ಲಿ ಪ್ರಯೋಗದಿಂದ ತೋರಿಸಿದನು. ಆದುದರಿಂದ ನ್ಯಾನೋ ಪದಾರ್ಥವು ಗೋಗಿಯ ಒಕ್ಕಲಿಗನಿಗೆ ಹೊಸತಲ್ಲ. ಅವನು ಅದರ ಮೇಲೆಯೇ ಕುಂಟೆ ಹೊಡೆಯುತ್ತ ಬಂದಿರುವನು.

ಹಾಗೆಂದು ಪೂರ್ವಿಕರು ಇದೆಲ್ಲವನ್ನೂ ಬಲ್ಲವರಾಗಿದ್ದರೆಂದು ಹೇಳುವುದು ಸಲ್ಲದು. ಕಣಾದರ ಪರಮಾಣುವು ತರ್ಕದಿಂದ ಸಿದ್ಧವಾದದ್ದು. ಇಂದಿನ ಸೂಕ್ಷ್ಮಕಣವು ಯಂತ್ರದಿಂದ ಅಳೆಯಲ್ಪಟ್ಟದ್ದು. ಕ್ರಿ. ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವನ್ನೂ ಕನ್ನಡದಲ್ಲಿ ಹೇಳಿರುವುದು ನಮ್ಮವರ ನಿಜವಾದ ಹಿರಿಮೆ. ಕಂಡದ್ದನ್ನು ಬರೆದಿಡುವ ಆ ಶ್ರದ್ಧೆಯೇ ಶಾಸ್ತ್ರದ ಬುಡವು.

1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಎಡದಂಡೆಯ ಕಾಲುವೆಯು ಈ ಸೀಮೆಗೆ ನೀರು ತಂದಿತು. ಜೋಳ ತೊಗರಿಗಳ ನೆರೆಯಲ್ಲಿ ಭತ್ತವು ಹಬ್ಬಿತು. ಯೂರಿಯಾ ಚೀಲವು ಮನೆಮನೆಗೆ ಬಂದಿತು. ಆದರೆ ನೆಲಕ್ಕೆ ಚೆಲ್ಲಿದ ಯೂರಿಯಾದಲ್ಲಿ ದೊಡ್ಡ ಪಾಲು ಗಾಳಿಗೂ ನೀರಿಗೂ ಸೇರಿ ವ್ಯರ್ಥವಾಗುವುದು. ಈ ನಷ್ಟವನ್ನು ತಪ್ಪಿಸಬೇಕೆಂಬ ಹಂಬಲದಿಂದಲೇ ಸೂಕ್ಷ್ಮಗೊಬ್ಬರದ ವಿಚಾರವು ಹುಟ್ಟಿತು.

2021ರಲ್ಲಿ ಇಫ್ಕೋ ಸಹಕಾರಿ ಸಂಸ್ಥೆಯು ಎಲೆಗಳ ಮೇಲೆ ಸಿಂಪಡಿಸತಕ್ಕ ನ್ಯಾನೋ ಯೂರಿಯಾವನ್ನು ಹೊರತಂದಿತು. 500 ಮಿಲಿಲೀಟರಿನ ಒಂದು ಬಾಟಲಿಯು 45 ಕಿಲೋ ಚೀಲವೊಂದಕ್ಕೆ ಸಮವೆಂದು ಸಾರಲಾಯಿತು. ಲೆಕ್ಕವನ್ನು ನೋಡಬೇಕು: ಶೇಕಡಾ 46ರಂತೆ ಚೀಲದಲ್ಲಿ ಸಾರಜನಕವು 20 ಕಿಲೋಗಿಂತ ತುಸು ಹೆಚ್ಚು, ಶೇಕಡಾ 4ರಂತೆ ಅಂದಿನ ಬಾಟಲಿಯಲ್ಲಿ ಕೇವಲ 20 ಗ್ರಾಮು. ಒಂದಕ್ಕೆ ಸಾವಿರದ ಅಂತರ! ಕಣವು ಎಷ್ಟು ಸೂಕ್ಷ್ಮವಾದರೂ ಇಲ್ಲದ ಸಾರಜನಕವನ್ನು ಪೈರಿಗೆ ಉಣಿಸಲಾರದು. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಇದೇ ಆಕ್ಷೇಪವನ್ನೆತ್ತಿದರು. ಲೂಧಿಯಾನಾದ ಪಂಜಾಬ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಪರೀಕ್ಷಿಸಿದಾಗ ಭತ್ತದ ಇಳುವರಿಯು ಶೇಕಡಾ 13ರಷ್ಟೂ ಗೋದಿಯದು ಶೇಕಡಾ 21ಕ್ಕಿಂತ ಹೆಚ್ಚೂ ಕುಗ್ಗಿತು. ತಯಾರಕರು ಈ ನಿರ್ಣಯವನ್ನೊಪ್ಪಲಿಲ್ಲ.

ಇದರಿಂದ ಇಡೀ ವಿದ್ಯೆಯನ್ನೇ ಹಳಿಯುವುದು ಅವಿವೇಕ. ಸತುವಿನಂತಹ ಪದಾರ್ಥವು ಪೈರಿಗೆ ಬೇಕಾದುದೇ ಅತ್ಯಲ್ಪ. ಸುಣ್ಣ ಹೆಚ್ಚಾದ ಎರೆಯಲ್ಲಿ ಅದು ಬೇರಿಗೆ ಸುಲಭವಾಗಿ ದೊರೆಯದು. ಕೃಷ್ಣೆಯ ಆಚೆಯ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ತೊಗರಿಬೀಜಕ್ಕೆ ಸತುವು ಮತ್ತು ಕಬ್ಬಿಣದ ನ್ಯಾನೋ ಕಣಗಳನ್ನು ಲೇಪಿಸಿ, ಮೊಳಕೆಯೂ ಸಸಿಯ ಕಸುವೂ ಹೆಚ್ಚಿದುದನ್ನು 2016ರಲ್ಲಿ ಪ್ರಕಟಿಸಿದರು. ಅಲ್ಪವು ಸಾಕಾದಲ್ಲಿ ಸೂಕ್ಷ್ಮವು ಉಪಕಾರಿ. ರಾಶಿಯೇ ಬೇಕಾದಲ್ಲಿ ಅದು ರಾಶಿಗೆ ಬದಲಾಗದು. ಮಾತ್ರೆ ಮೀರಿದರೆ ಅದೇ ಕಣವು ಸಸಿಗೂ ಮಣ್ಣಿನ ಜೀವಿಗಳಿಗೂ ವಿಷವಾಗಬಹುದು.

ಒಂದು ಮುಂಗಾರು ಕೆಟ್ಟರೆ ಒಕ್ಕಲಿಗನು ವರುಷದ ಅನ್ನವನ್ನು ಕಳೆದುಕೊಳ್ಳುವನು. ಬಾಟಲಿಯ ಮೇಲಿನ ಮಾತಿಗೆ ಅಂತಹ ನಷ್ಟವಿಲ್ಲ. ಆದಕಾರಣ ಹೊಲದ ಒಂದು ಮೂಲೆಯಲ್ಲಿ ಹೊಸದನ್ನು ಹಾಕಿ, ಉಳಿದುದರಲ್ಲಿ ಹಳೆಯ ಕ್ರಮವನ್ನು ನಡೆಸಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುವುದೇ ಲೇಸು. ಅರಸರನ್ನು ಮಡಿಲಲ್ಲಿಟ್ಟುಕೊಂಡ ಗೋಗಿಯ ನೆಲವು ತಕ್ಕಡಿಗಲ್ಲದೆ ಮತ್ತಾವ ಬಿರುದಿಗೂ ತಲೆಬಾಗದು.